ಕಕ್ಷಿದಾರನ ಗುಟ್ಟು, ವಕೀಲರ ಫೀಸು

ಕಕ್ಷಿದಾರ ವಕೀಲರಿಗೆ ಹೇಳಿದ ಮಾತು ಗುಟ್ಟಾಗಿಯೇ ಉಳಿಯಬೇಕೆಂಬ ಕಟ್ಟಳೆ ಹಳೆಯದು. ಆದರೆ ಆ ವಕೀಲರಿಗೆ ಸಂದ ಫೀಸು ಅಷ್ಟೇ ಗುಟ್ಟಾಗಿರಬೇಕೆಂದು ಕಾನೂನು ಸಾರಾಸಗಟಾಗಿ ಹೇಳಿದ್ದಿಲ್ಲ. ಮಾತಿಗೊಂದು ನಿಯಮ, ಹಣಕ್ಕೊಂದು ನಿಯಮ ಎಂಬಂತೆ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬೆಳೆದವು.

ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಆರಂಭಕಾಲದಲ್ಲಿ ಫೀಸು ಖಾಸಗಿ ವಿಷಯವಾಗಿರಲಿಲ್ಲ. ಬಂಗಾಳದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ 1793ರ ಏಳನೆಯ ರೆಗ್ಯುಲೇಷನ್ ವಕೀಲರ ನೇಮಕವನ್ನೂ ಫೀಸಿನ ದರವನ್ನೂ ತಾನೇ ಗೊತ್ತುಪಡಿಸಿತು. 1846ರ ಕಾಯಿದೆಯು ಫೀಸನ್ನು ವಕೀಲರೂ ಕಕ್ಷಿದಾರರೂ ಮಾತನಾಡಿಕೊಳ್ಳಲು ಬಿಟ್ಟಿತು. ಆದರೆ 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯಿದೆಯ ಪ್ರಕಾರ ಪ್ಲೀಡರರ ಫೀಸಿನ ಕರಾರು ಬರವಣಿಗೆಯಲ್ಲಿರಬೇಕಿತ್ತು. ಕಕ್ಷಿದಾರನ ರುಜು ಬಿದ್ದ ಹದಿನೈದು ದಿನದೊಳಗೆ ಅದನ್ನು ಕೋರ್ಟಿಗೆ ಸಲ್ಲಿಸಬೇಕಿತ್ತು. ಇಲ್ಲದಿದ್ದರೆ ಕರಾರು ಊರ್ಜಿತವಾಗುತ್ತಿರಲಿಲ್ಲ.

ಇದಕ್ಕೆ ಏಳು ವರ್ಷ ಮೊದಲೇ, 1872ರ ಸಾಕ್ಷ್ಯ ಕಾಯಿದೆ ಮಾತಿನ ಗುಟ್ಟಿಗೆ ಬೇಲಿ ಹಾಕಿತ್ತು. ಕಕ್ಷಿದಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಕೀಲರು ಅವನ ಮಾತನ್ನಾಗಲಿ, ಕೆಲಸದ ಸಂಬಂಧ ನೋಡಿದ ಕಾಗದಪತ್ರದ ಒಕ್ಕಣೆಯನ್ನಾಗಲಿ, ತಾವು ಕೊಟ್ಟ ಸಲಹೆಯನ್ನಾಗಲಿ ಹೊರಗೆಡಹಬಾರದು ಎಂದು ಅದರ 126ನೆಯ ಕಲಮು ಹೇಳಿತು. ವಕಾಲತ್ತು ಮುಗಿದ ಮೇಲೂ ಈ ಹೊಣೆ ತಪ್ಪುವುದಿಲ್ಲ. ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತಿಗೆ ಈ ರಕ್ಷಣೆ ಇಲ್ಲ. ಕೆಲಸ ವಹಿಸಿಕೊಂಡ ಮೇಲೆ ನಡೆದ ಅಪರಾಧ ಅಥವಾ ವಂಚನೆ ವಕೀಲರ ಕಣ್ಣಿಗೆ ಬಿದ್ದರೆ ಅದಕ್ಕೂ ಇಲ್ಲ. ಆ ಕಾಯಿದೆ ಕೊಟ್ಟ ಉದಾಹರಣೆಯೊಂದು ಲೆಕ್ಕದ ಪುಸ್ತಕದ್ದೇ: ಹಣ ದುರುಪಯೋಗದ ಆರೋಪ ಹೊತ್ತವನ ಪರ ನಿಂತ ವಕೀಲರಿಗೆ, ಪ್ರಕರಣ ನಡೆಯುತ್ತಿರುವಾಗಲೇ ಆ ಪುಸ್ತಕದಲ್ಲಿ ಹೊಸದಾಗಿ ಬರೆದ ನಮೂದು ಕಂಡರೆ ಅದು ಗುಟ್ಟಿನ ಲೆಕ್ಕಕ್ಕೆ ಬಾರದು.

1881ರಲ್ಲಿ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷರಿಂದ ಒಡೆಯರಿಗೆ ಮರಳಿದ ಮೇಲೆ 1884ರಲ್ಲಿ ಮೈಸೂರು ಚೀಫ್ ಕೋರ್ಟ್ ಸ್ಥಾಪನೆಯಾಯಿತು. 1930ರಲ್ಲಿ ಅದು ಹೈಕೋರ್ಟ್ ಎನಿಸಿಕೊಂಡಿತು. ಸಂಸ್ಥಾನದಲ್ಲೂ ಸಾಕ್ಷ್ಯದ ವಿಷಯದಲ್ಲಿ 1872ರ ಕಾಯಿದೆಯೇ ನಡೆಯಿತು. ಮೈಸೂರು ನಗರದ ನ್ಯಾಯಾಲಯಗಳು ಕೃಷ್ಣರಾಜ ಬುಲೆವಾರ್ಡಿನಲ್ಲಿ, ಸರಸ್ವತಿಪುರಂ ಬಡಾವಣೆಗೆ ಅನತಿ ದೂರದಲ್ಲಿವೆ. ಇಂಥ ಬಡಾವಣೆಗಳಲ್ಲಿ ಮನೆಯ ಮುಂಭಾಗದ ಕೋಣೆಯೇ ವಕೀಲರ ಕಚೇರಿಯಾಗುವುದು ರೂಢಿ. ಕಕ್ಷಿದಾರನ ಮಾತು ಅಲ್ಲಿ ಗುಮಾಸ್ತರ ಕಿವಿಗೂ ಬೀಳುತ್ತದೆ. ಕಾಯಿದೆಯ 127ನೆಯ ಕಲಮು ಗುಮಾಸ್ತರು, ದುಭಾಷಿಗಳು, ನೌಕರರನ್ನೂ ಅದೇ ಕಟ್ಟಿಗೆ ಒಳಪಡಿಸಿತು.

ಫೀಸಾದರೋ ಕೋರ್ಟಿನ ದಾಖಲೆಯಲ್ಲಿ ಬಹಿರಂಗವಾಗಿಯೇ ಇರುತ್ತಿತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಡಿಕ್ರಿ ನಮೂನೆಯಲ್ಲಿ ಸ್ಟಾಂಪು, ಸಾಕ್ಷಿಗಳ ಭತ್ಯೆಗಳ ಜೊತೆಗೆ ವಕೀಲರ ಫೀಸಿಗೂ ಒಂದು ಸಾಲಿದೆ. ಗೆದ್ದವನ ಖರ್ಚನ್ನು ಸೋತವನ ಮೇಲೆ ಹೊರಿಸಬೇಕಾದರೆ ಅದರ ಲೆಕ್ಕ ಎದುರು ಪಕ್ಷಕ್ಕೂ ತಿಳಿಯಲೇಬೇಕು. ಆದರೆ ಅಲ್ಲಿ ಕಾಣುವುದು ನಿಯಮದಂತೆ ಲೆಕ್ಕ ಹಾಕಿದ ಮೊತ್ತ. ಕಕ್ಷಿದಾರ ನಿಜಕ್ಕೂ ಕೊಟ್ಟದ್ದು ಅದಕ್ಕಿಂತ ಹೆಚ್ಚಿರಬಹುದು.

ಸ್ವಾತಂತ್ರ್ಯಾನಂತರ 1961ರ ವಕೀಲರ ಕಾಯಿದೆ, 1975ರ ಬಾರ್ ಕೌನ್ಸಿಲ್ ನಿಯಮಗಳು ಗುಟ್ಟಿನ ಹೊಣೆಯನ್ನೂ ಹಣದ ಶಿಸ್ತನ್ನೂ ಒಂದೇ ನೀತಿಸಂಹಿತೆಗೆ ತಂದವು. ಸಾಕ್ಷ್ಯ ಕಾಯಿದೆಯ 126ನೆಯ ಕಲಮನ್ನು ಮೀರುವುದು ವೃತ್ತಿಧರ್ಮಕ್ಕೂ ವಿರುದ್ಧವಾಯಿತು. ವಕೀಲರಲ್ಲದವರೊಡನೆ ಫೀಸು ಹಂಚಿಕೊಳ್ಳುವುದು, ಗೆದ್ದರೆ ಇಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದು ನಿಷಿದ್ಧವಾದವು. ಪಡೆದ ಹಣ, ಮಾಡಿದ ಖರ್ಚು, ಹಿಡಿದುಕೊಂಡ ಫೀಸು ಇವುಗಳ ಲೆಕ್ಕವನ್ನು ತಾರೀಖು ಸಹಿತ ಇಟ್ಟು, ಕಕ್ಷಿದಾರ ಕೇಳಿದಾಗ ನಕಲು ಕೊಡಬೇಕು. ಫೀಸು ಬಾಕಿಯಿದೆಯೆಂದು ಕೇಸಿನ ಕಡತವನ್ನು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿತು.

ಸರ್ಕಾರವೇ ಕಕ್ಷಿದಾರನಾದಾಗ ಫೀಸಿನ ಪ್ರಶ್ನೆ ಸಾರ್ವಜನಿಕರದಾಗುತ್ತದೆ. ಕರ್ನಾಟಕ 2000ದಲ್ಲೇ ತನ್ನ ಮಾಹಿತಿ ಹಕ್ಕು ಕಾಯಿದೆ ಮಾಡಿತ್ತು. 2005ರಲ್ಲಿ ಕೇಂದ್ರದ ಕಾಯಿದೆ ಬಂತು. ವಿಶ್ವಾಸದ ಸಂಬಂಧದಲ್ಲಿ ದೊರೆತ ಮಾಹಿತಿಗೆ ಅದರಲ್ಲಿ ವಿನಾಯಿತಿಯುಂಟು. ವಕೀಲ–ಕಕ್ಷಿದಾರರ ಸಂಬಂಧವೂ ಅಂಥದ್ದೇ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಉದಾಹರಿಸಿತು. ಹಾಗಿದ್ದರೂ ಬೊಕ್ಕಸದಿಂದ ಹೋದ ಮೊತ್ತ ಮುಚ್ಚಿಡುವಂಥದ್ದಾಗಲಿಲ್ಲ. ನದಿನೀರಿನ ವ್ಯಾಜ್ಯಗಳು ಇದಕ್ಕೆ ಉದಾಹರಣೆ: ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ, ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದದ್ದು 2018ರಲ್ಲಿ. ಕಾವೇರಿ, ಕೃಷ್ಣಾ, ಮಹದಾಯಿ ವ್ಯಾಜ್ಯಗಳಿಗೆ ರಾಜ್ಯ 122 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚ ಮಾಡಿರುವುದು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ತಿಳಿದುಬಂತು. ಹೊರಬಿದ್ದದ್ದು ಮೊತ್ತ, ವಕೀಲರು ರಾಜ್ಯಕ್ಕೆ ಕೊಟ್ಟ ಸಲಹೆಯಲ್ಲ.

ತೊಡಕಾಗುವುದು ವಿವರವಾದ ಬಿಲ್ಲಿನಲ್ಲಿ. ಇಂಥ ದಿನ ಉಯಿಲಿನ ಬಗ್ಗೆ ಸಮಾಲೋಚನೆ, ಇಂಥ ದಿನ ರಾಜಿಯ ಕರಡು ಎಂದು ಬರೆದರೆ ಬಿಲ್ಲೇ ಸಲಹೆಯ ಸುಳಿವು ಕೊಡುತ್ತದೆ. ಸಾಕ್ಷ್ಯದ ಕಾನೂನು ಸಲಹೆಯನ್ನು ಕಾಯುವುದರಿಂದ ಅಂಥ ಒಕ್ಕಣೆಗೂ ಅದೇ ಕಾವಲು ಬೇಕಾಗುತ್ತದೆ. ಬರಿಯ ಮೊತ್ತಕ್ಕೆ ಬೇಕಿಲ್ಲ.

1872ರ ಕಾಯಿದೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ 132ರಿಂದ 134ರವರೆಗಿನ ಕಲಮುಗಳಲ್ಲಿ ಹಳೆಯ ರಕ್ಷಣೆಯನ್ನೇ ಮುಂದುವರಿಸಿದೆ. ಕಕ್ಷಿದಾರನ ವಿಷಯ ತಿಳಿಯಲು ತನಿಖಾಧಿಕಾರಿಗಳು ವಕೀಲರಿಗೆ ಸಮನ್ಸ್ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. 132ನೆಯ ಕಲಮಿನ ಅಪವಾದಗಳಿಗೆ ಒಳಪಡುವ ಸಂದರ್ಭದಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಒಪ್ಪಿಗೆ ಬೇಕು. ಈ ರಕ್ಷಣೆ ಇರುವುದು ಕಕ್ಷಿದಾರನಿಗಾಗಿ. ಅದನ್ನು ಬಿಟ್ಟುಕೊಡುವ ಅಧಿಕಾರವೂ ಅವನದೇ, ವಕೀಲರದಲ್ಲ.