ಸೆಪಕ್ ಟಕ್ರಾ ವಿಶ್ವಕಪ್
ಸೆಪಕ್ ಟಕ್ರಾ ಆಗ್ನೇಯ ಏಷ್ಯಾದ ಆಟ. ಕಾಲಿನಿಂದಾಡುವ ವಾಲಿಬಾಲ್ ಎಂದೇ ಕೆಲವರು ಇದನ್ನು ಕರೆಯುತ್ತಾರೆ. ಕಾಲು, ಮೊಣಕಾಲು, ಎದೆ, ತಲೆಯಿಂದ ಚೆಂಡನ್ನು ಬಲೆ ದಾಟಿಸಬೇಕು, ಕೈ ತಾಗಿಸುವಂತಿಲ್ಲ. ಹಿಂದೆ ಬೆತ್ತದಿಂದ ಹೆಣೆಯುತ್ತಿದ್ದ ಚೆಂಡು ಈಗ ಕೃತಕ ನಾರಿನದು. ಅಂಕಣ ಬ್ಯಾಡ್ಮಿಂಟನ್ ಡಬಲ್ಸ್‌ನಷ್ಟೇ, 13.4 ಮೀ. ಉದ್ದ, 6.1 ಮೀ. ಅಗಲ. ಗಾಳಿಯಲ್ಲಿ ಪೂರ್ತಿ ಮಗುಚಿ ಬಲೆಯ ಮೇಲಿಂದ ಒದೆಯುವ ಹೊಡೆತವೇ ಇದರ ಜೀವಾಳ; ಅಂಥ ಮೈಬಳುಕು ಬೇರೆ ಚೆಂಡಾಟಗಳಲ್ಲಿ ಅಪರೂಪ.

1990ರ ಬೀಜಿಂಗ್ ಕ್ರೀಡಾಕೂಟದಿಂದ ಇದು ಏಷ್ಯನ್ ಗೇಮ್ಸ್‌ನಲ್ಲಿದೆ. ಥಾಯ್ಲೆಂಡ್ ಅಗ್ರಗಣ್ಯ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಈ ಆಟದ ಮೊದಲ ಪದಕವಾಗಿ ಕಂಚು ಬಂತು; ಅದರ ಹಿಂದೆ ಮಣಿಪುರದ ಆಟಗಾರರ ದುಡಿಮೆ ದೊಡ್ಡದು. 2025ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆದ ವಿಶ್ವಕಪ್‌ನ ಪುರುಷರ ರೆಗು (ಮೂವರ ತಂಡದ) ಫೈನಲ್‌ನಲ್ಲಿ ಜಪಾನನ್ನು 2–1ರಿಂದ ಸೋಲಿಸಿ ಭಾರತ ತನ್ನ ಮೊದಲ ವಿಶ್ವಕಪ್ ಚಿನ್ನ ಗೆದ್ದಿತು.