ಗಾಳದವರ ಲೆಕ್ಕದ ಪುಸ್ತಕ

ನದಿಯ ಮೀನುಗಳನ್ನು ಎಣಿಸುವುದು ಹೇಗೆ? ಬಲೆ ಬೀಸಿ ಮಾದರಿ ತೆಗೆಯಬಹುದು. ಆದರೆ ಕಾವೇರಿಯ ಬಂಡೆ, ಸೆಳವುಗಳ ನಡುವೆ ಅದು ಸುಲಭವಲ್ಲ. ಅಲ್ಲಿ ವಿಜ್ಞಾನಿಗಳ ನೆರವಿಗೆ ಬಂದದ್ದು ಗಾಳ ಹಾಕುವವರ ಲೆಕ್ಕದ ಪುಸ್ತಕ.

ಮಳೆಗಾಲದ ಕೆಂಪು ನೀರು ತಿಳಿಯಾಗಿ, ಹರಿವು ತಗ್ಗುವ ಜನವರಿಯಿಂದ ಮಾರ್ಚ್‌ವರೆಗೆ ಗಾಳಕ್ಕೆ ಹದವಾದ ಕಾಲ. ರಾಗಿ ಹಿಟ್ಟಿನ ಉಂಡೆಯೇ ಎರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತ್ತು. ಅಂದರೆ ಸುಮಾರು 54 ಕಿಲೊ. ನಿಮ್ಮಲ್ಲಿ ಅನೇಕರ ತೂಕಕ್ಕಿಂತ ಹೆಚ್ಚೇ ಇರಬೇಕು.

ಮುಂದೆ ಕಾವೇರಿಯ ಗಾಲಿಬೋರೆಯಲ್ಲಿ, ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡುವ ಪದ್ಧತಿ ಬಂತು. 1998ರಿಂದ 2012ರವರೆಗಿನ ಆ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 6,000 ಮೀನುಗಳ ಲೆಕ್ಕ ಅದರಲ್ಲಿತ್ತು. ವರ್ಷ ಕಳೆದಂತೆ ಸಿಕ್ಕ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್ ಕುಸಿದಿತ್ತು.

ಅದು ಟಾರ್ ರೆಮದೇವಿ ಎಂಬ ಪ್ರಭೇದವೆಂದು ಗುರುತಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು. ಅಷ್ಟರೊಳಗೆ, 2012ರಲ್ಲೇ, ಅಲ್ಲಿ ಗಾಳ ನಿಂತಿತ್ತು. ಪುಸ್ತಕವೂ ಅದರೊಡನೆ ಮುಚ್ಚಿತ್ತು.