ಬಾಬರನ ಬಟ್ಟಲು, ಗಾಲಿಬನ ಬಾಟಲಿ

ನಾವು ಉರ್ದು ಶಾಲೆಯಲ್ಲಿ ಓದುತ್ತಿದ್ದಾಗ ಗಾಲಿಬನ ಗಜಲಿನಲ್ಲಿ ಶರಾಬು ಬಂದ ಕೂಡಲೇ ಉಸ್ತಾದರು ಕನ್ನಡಕ ಸರಿಪಡಿಸಿಕೊಂಡು, "ಇದು ಆ ಶರಾಬಲ್ಲ, ದೈವಪ್ರೇಮದ ಶರಾಬು" ಎನ್ನುತ್ತಿದ್ದರು. ನಾವು ತಲೆಯಾಡಿಸಿ ಬರೆದುಕೊಳ್ಳುತ್ತಿದ್ದೆವು. ಹೈಸ್ಕೂಲಿಗೆ ಬಂದು ಕನ್ನಡದಲ್ಲಿ ಇತಿಹಾಸ ಓದತೊಡಗಿದಾಗ ಜಹಾಂಗೀರನನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು: ಅವನು ಕುಡುಕ, ರಾಜ್ಯಭಾರವೆಲ್ಲ ನೂರ್ ಜಹಾನಳದು. ಒಂದು ಭಾಷೆಯಲ್ಲಿ ಬಟ್ಟಲೆಲ್ಲ ಸ್ವರ್ಗದಿಂದ ಇಳಿದದ್ದು, ಇನ್ನೊಂದು ಭಾಷೆಯಲ್ಲಿ ಚರಂಡಿಯಿಂದ ಎದ್ದದ್ದು. ಎರಡನ್ನೂ ಬಾಯಿಪಾಠ ಮಾಡಿ ನಾವು ಪಾಸಾದೆವು.

ಮೂಲವನ್ನು ಓದುವ ವಯಸ್ಸು ಬಂದಾಗ ತಿಳಿದದ್ದು ಬೇರೆ. ಆ ಜನ ತಮ್ಮ ಕುಡಿತದ ಬಗ್ಗೆ ಏನನ್ನೂ ಬಚ್ಚಿಟ್ಟಿರಲಿಲ್ಲ. ಯಾವುದು ರುಚಿಸಿತು, ಯಾವುದು ಗಂಟಲಲ್ಲಿ ಇಳಿಯಲಿಲ್ಲ, ಎಷ್ಟು ಹೀರಿದೆವು, ಯಾವಾಗ ಕೈ ನಡುಗಿತು ಎಂಬುದನ್ನೆಲ್ಲ ತಾವೇ ಬರೆದಿಟ್ಟು ಹೋಗಿದ್ದಾರೆ. ಬಚ್ಚಿಟ್ಟವರು ನಾವು.

ಮೊದಲು ಎರಡು ಪದಗಳ ಮಾತು. ಶರಾಬ್ ಎಂದರೆ ಅರಬ್ಬಿಯಲ್ಲಿ ಬರಿಯ ಪಾನೀಯ. ರಮಜಾನಿನ ಸಂಜೆ ನಾವು ಕುಡಿಯುವ ಶರಬತ್ತೂ ಅದೇ ಧಾತುವಿನ ಕೂಸು. ಅರಕ್ ಎಂದರೆ ಬೆವರು. ಭಟ್ಟಿ ಇಳಿಸುವಾಗ ಪಾತ್ರೆಯ ಮುಚ್ಚಳಕ್ಕೆ ಹನಿಹನಿಯಾಗಿ ಕಟ್ಟುವ ದ್ರವಕ್ಕೆ ಆ ಹೆಸರು. ಮೊಗಲರ ಪುಸ್ತಕಗಳಲ್ಲಿ ಶರಾಬೆಂದರೆ ಸಾಮಾನ್ಯವಾಗಿ ದ್ರಾಕ್ಷಾರಸ, ಅರಕ್ ಎಂದರೆ ಭಟ್ಟಿ ಇಳಿಸಿದ್ದು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನ ಕತೆ ಅರ್ಥವಾಗದು.

ಬಾಬರ್ ಹುಟ್ಟು ಕುಡುಕನಲ್ಲ. 1506ರಲ್ಲಿ ಹೆರಾತಿಗೆ ಹೋದಾಗ ಅವನಿಗೆ ಇಪ್ಪತ್ಮೂರು ವರ್ಷ, ಅದುವರೆಗೆ ಕುಡಿದವನಲ್ಲ. ಅಲ್ಲಿ ಸೋದರ ಸಂಬಂಧಿಗಳಾದ ಇಬ್ಬರು ಮಿರ್ಜಾಗಳ ಮಜಲಿಸಿನಲ್ಲಿ ಬಟ್ಟಲು ಸುತ್ತುತ್ತಿತ್ತು. ಅವನಿಗೂ ಆಸೆಯಾಯಿತು. ಆದರೆ ಹಿರಿಯನ ಮನೆಯಲ್ಲಿ ಒಲ್ಲೆ ಎಂದು ಕಿರಿಯನ ಮನೆಯಲ್ಲಿ ಕುಡಿದರೆ ಹಿರಿಯನಿಗೆ ಬೇಸರವಾದೀತೆಂದು ಲೆಕ್ಕ ಹಾಕಿ ತಡೆದುಕೊಂಡ. ಧರ್ಮಭಯಕ್ಕಿಂತ ಮರ್ಯಾದೆಯ ಭಯವೇ ಅವನನ್ನು ಆ ರಾತ್ರಿ ಕಾಪಾಡಿತು. ನಮ್ಮಲ್ಲೂ ಎಷ್ಟೋ ಜನರ ಪರಹೇಜಿನ ಗುಟ್ಟು ಇದೇ ಇರಬಹುದು! 1508ರಿಂದ 1519ರವರೆಗಿನ ಪುಟಗಳು ಬಾಬರ್‌ನಾಮಾದಲ್ಲಿ ಇಲ್ಲ. 1519ರಲ್ಲಿ ಮತ್ತೆ ಬರಹ ಶುರುವಾಗುವಾಗ ಅವನು ಪಳಗಿದ ರಸಿಕನಾಗಿದ್ದಾನೆ.

ಅವನ ಆಯ್ಕೆ ದ್ರಾಕ್ಷಾರಸ. ಕಾಬೂಲಿನ ಸುತ್ತಲ ಯಾವ ಇಳಿಜಾರಿನ ದ್ರಾಕ್ಷಿಯ ಮದ್ಯಕ್ಕೆ ಹೆಸರು, ಬುಖಾರಾದ್ದು ಎಷ್ಟು ಕಡಕ್ ಎಂಬುದನ್ನು ಹಣ್ಣಿನ ವ್ಯಾಪಾರಿಯಂತೆ ಬರೆಯುತ್ತಾನೆ. ಬೂಜಾ, ಅಂದರೆ ನಮ್ಮ ಬಿಯರಿನ ಹಿರಿಯಕ್ಕ, ಅವನಿಗೆ ಒಗ್ಗಲಿಲ್ಲ. ಬಜೌರ್ ಸೀಮೆಯಲ್ಲಿ ಬೇರು ಮೂಲಿಕೆಗಳನ್ನು ಸೇರಿಸಿ ರೊಟ್ಟಿಯಂತೆ ಒಣಗಿಸಿಟ್ಟ ಹೆಪ್ಪಿನಿಂದ ಬೂಜಾ ಮಾಡುತ್ತಿದ್ದರು. ಅಲ್ಲಿಯ ಸರಕಿನ ಕಹಿಗೆ ಅವನು ಮುಖ ಸಿಂಡರಿಸಿ, ಅದನ್ನು ಬಿಟ್ಟು ಮಾಜೂನ್ ತಿಂದ. ಮಾಜೂನ್ ಎಂದರೆ ಅಫೀಮು, ಭಂಗಿಯಂಥವು ಸೇರಿದ ಲೇಹ್ಯ. ಮದ್ಯ ಕುಡಿದವರೂ ಮಾಜೂನ್ ತಿಂದವರೂ ಒಂದೇ ಮಜಲಿಸಿನಲ್ಲಿ ಕೂತರೆ ಹೊಂದಾಣಿಕೆ ಆಗುವುದಿಲ್ಲವೆಂದೂ ಅವನು ಗುರುತು ಮಾಡಿಕೊಂಡಿದ್ದಾನೆ. ಒಬ್ಬರು ಗದ್ದಲ ಮಾಡುತ್ತಾರೆ, ಇನ್ನೊಬ್ಬರಿಗೆ ಮೌನ ಬೇಕು.

ಕತೆ ಬರೆಯುವವರಾಗಿ ನಮಗೆ ಹೊಟ್ಟೆಕಿಚ್ಚು ತರಿಸುವ ಪುಟವೂ 1519ರದ್ದೇ. ತರ್ದೀ ಬೇಗ್ ಎಂಬ ಫಕೀರ ಸ್ವಭಾವದ ಗೆಳೆಯನ ಬಳಿಗೆ ಬಾದಶಹ ಬೆಳ್ಳಂಬೆಳಗ್ಗೆ ಹೋಗಿ, ನೂರು ಶಾಹ್‌ರುಖಿ ನಾಣ್ಯ ಕೊಟ್ಟು, ಯಾರಿಗೂ ತಿಳಿಯದ ಹಾಗೆ ಒಂದು ಕೂಟ ಏರ್ಪಡಿಸು ಎನ್ನುತ್ತಾನೆ. ಗುಟ್ಟು ನಿಲ್ಲುವುದಿಲ್ಲ, ಸಂಗಡಿಗರು ಜಾಡು ಹಿಡಿದು ಬಂದೇಬಿಡುತ್ತಾರೆ. ಹುಲ್‌ಹುಲ್ ಅನಿಗ ಎಂಬ ಹೆಂಗಸು ತಾನೂ ಜೊತೆಯಲ್ಲಿ ಕುಡಿಯಬೇಕೆನ್ನುತ್ತಾಳೆ. ಹೆಣ್ಣು ಕುಡಿಯುವುದನ್ನು ತಾನು ನೋಡಿಯೇ ಇಲ್ಲವೆಂದು ಬಾಬರ್ ಕುತೂಹಲದಿಂದ ಕರೆಸುತ್ತಾನೆ. ಆಮೇಲೆ ಅವಳ ಮಾತು ಮುಗಿಯದಿರಲು, ಅಮಲೇರಿದವನಂತೆ ನಟಿಸಿ ಪಾರಾಗುತ್ತಾನೆ! ಅವಳ ಕಡೆಯಿಂದ ಆ ರಾತ್ರಿ ಹೇಗಿತ್ತೆಂದು ಬರೆದವರಿಲ್ಲ.

ನಲವತ್ತಕ್ಕೆ ಬಿಡುತ್ತೇನೆಂದು ಅವನು ಸಂಕಲ್ಪ ಮಾಡಿದ್ದ. ನಲವತ್ತಕ್ಕೆ ಒಂದು ವರ್ಷವೂ ಉಳಿದಿಲ್ಲವೆಂದು ಆ ದಿನಗಳಲ್ಲಿ ಇನ್ನೂ ಹೆಚ್ಚು ಕುಡಿದ. ನಲವತ್ತು ಬಂತು, ಹೋಯಿತು, ಬಟ್ಟಲು ಉಳಿಯಿತು. ಬಿಡಿಸಿದ್ದು ಖಾನ್ವಾ ಯುದ್ಧ. ಎದುರಿಗೆ ರಾಣಾ ಸಂಗನ ಸೈನ್ಯ, ತನ್ನ ಪಾಳೆಯದಲ್ಲಿ ಸೋಲಿನ ಭವಿಷ್ಯ ಹೇಳುವ ಜ್ಯೋತಿಷಿ, ಬೆದರಿದ ಸರದಾರರು. 1527ರ ಫೆಬ್ರವರಿ 25ರಂದು ಬೆಳ್ಳಿ ಬಂಗಾರದ ಬಟ್ಟಲುಗಳನ್ನು ಒಡೆಸಿ ಚೂರುಗಳನ್ನು ಬಡವರಿಗೆ, ಫಕೀರರಿಗೆ ಹಂಚಿದ. ಗಜ್ನಿಯಿಂದ ಒಂಟೆಗಳ ಮೇಲೆ ಆಗಷ್ಟೇ ಬಂದಿದ್ದ ಮದ್ಯಕ್ಕೆ ಉಪ್ಪು ಹಾಕಿಸಿ ಸಿರ್ಕಾ ಮಾಡಿಸಿದ. ಸುಮಾರು ಮುನ್ನೂರು ಜನ ಅವನ ಜೊತೆ ತೌಬಾ ಮಾಡಿದರು. ಮೂರು ವಾರದಲ್ಲಿ ಯುದ್ಧ ಗೆದ್ದ.

ನಮ್ಮ ಭಾಷಣಕಾರರು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಬಾಬರ್ ನಿಲ್ಲಿಸಲಿಲ್ಲ. 1529ರಲ್ಲಿ ಕಾಬೂಲಿನಲ್ಲಿದ್ದ ಗೆಳೆಯ ಖ್ವಾಜಾ ಕಲಾನನಿಗೆ ಬರೆದ ಪತ್ರದಲ್ಲಿ, ತೌಬಾದ ನಂತರ ಮದ್ಯದ ಕೂಟಕ್ಕಾಗಿ ಕಣ್ಣೀರು ಬರುವಷ್ಟು ಹಂಬಲಿಸಿದ್ದಾಗಿ ಒಪ್ಪಿಕೊಂಡು, ಈಗ ದೇವರ ದಯೆಯಿಂದ ಆ ಹಂಬಲ ಇಳಿದಿದೆ ಎನ್ನುತ್ತಾನೆ. ಕಾಬೂಲಿನ ಕಡೆಯಿಂದ ಬಂದ ಕರಬೂಜ ಕೊಯ್ದು ತಿನ್ನುತ್ತ ಅತ್ತದ್ದನ್ನೂ ಬರೆದಿದ್ದಾನೆ. ಬಿಟ್ಟವನ ಸಂಕಟವನ್ನು ಇಷ್ಟು ನೇರವಾಗಿ ಬರೆದ ಇನ್ನೊಬ್ಬ ರಾಜನನ್ನು ನಾವು ಓದಿಲ್ಲ. ಮಾಜೂನನ್ನು ಮಾತ್ರ ಅವನು ಬಿಡಲಿಲ್ಲ.

ಮರಿಮಗ ಜಹಾಂಗೀರನ ದಾರಿ ಬೇರೆ. ಹದಿನೆಂಟರ ವಯಸ್ಸಿನಲ್ಲಿ ಅಟಕ್ ಬಳಿ ಬೇಟೆಯಾಡಿ ದಣಿದಿದ್ದಾಗ ಒಬ್ಬ ಗೋಲಂದಾಜ್, ಒಂದು ಬಟ್ಟಲು ಕುಡಿದರೆ ಆಯಾಸ ಹೋಗುತ್ತದೆ ಎಂದ. ಹಕೀಮ್ ಅಲಿಯ ಮನೆಯಿಂದ ಒಂದೂವರೆ ಬಟ್ಟಲು ಹಳದಿ ಬಣ್ಣದ ಸಿಹಿ ಮದ್ಯ ಬಂತು. ವೈದ್ಯನ ಮನೆಯಿಂದಲೇ! ಕ್ರಮೇಣ ದ್ರಾಕ್ಷಾರಸ ಸಾಲದಾಯಿತು, ಅರಕ್‌ಗೆ ಇಳಿದ. ಒಂಬತ್ತು ವರ್ಷದಲ್ಲಿ ಎರಡು ಬಾರಿ ಭಟ್ಟಿ ಇಳಿಸಿದ ಅರಕಿನ ಇಪ್ಪತ್ತು ಬಟ್ಟಲು, ಹಗಲು ಹದಿನಾಲ್ಕು, ರಾತ್ರಿ ಆರು. ಊಟ ಒಂದು ಹಿಡಿ. ಕೈ ನಡುಗಿ ಬಟ್ಟಲು ಹಿಡಿಯಲಾಗದೆ ಬೇರೆಯವರು ಕುಡಿಸಬೇಕಾಯಿತು. ಹೀಗೇ ನಡೆದರೆ ಆರು ತಿಂಗಳಲ್ಲಿ ಮದ್ದಿಲ್ಲದ ಸ್ಥಿತಿ ಬರುತ್ತದೆಂದು ಹಕೀಮ್ ಹುಮಾಮ್ ಎಚ್ಚರಿಸಿದ. ಏಳು ವರ್ಷ ಹಿಡಿಯಿತು ಆರು ಬಟ್ಟಲಿಗೆ ಇಳಿಸಲು. ಎರಡು ಪಾಲು ದ್ರಾಕ್ಷಾರಸ, ಒಂದು ಪಾಲು ಅರಕ್. ಅವನ 'ಆಯ್ಕೆ' ಎಂದು ಚಿತ್ರಗಳಲ್ಲಿ, ಬಟ್ಟಲು ಹಿಡಿದ ಬಂಗಾರದ ಮೊಹರುಗಳಲ್ಲಿ ಕಾಣುವುದು ನಿಜವಾಗಿ ಒಂದು ಔಷಧದ ಚೀಟಿ. 1616ರಲ್ಲಿ ಇಂಗ್ಲಿಷ್ ರಾಯಭಾರಿ ಥಾಮಸ್ ರೋ ಅವನು ಕೊಟ್ಟ ಬಟ್ಟಲನ್ನು ಹೀರಿ ಸೀನಿಬಿಟ್ಟ, ಅಷ್ಟು ಖಾರ. ಬಾದಶಹ ನಕ್ಕನಂತೆ.

ಅವನ ತಮ್ಮಂದಿರಿಗೆ ಏಳು ವರ್ಷದ ಅವಕಾಶ ಸಿಗಲಿಲ್ಲ. ಮುರಾದ್ 1599ರಲ್ಲಿ ಕುಡಿತದಿಂದಲೇ ಸತ್ತ. ದಾನಿಯಾಲನನ್ನು ಬುರ್ಹಾನ್‌ಪುರದಲ್ಲಿ ಅಕ್ಬರನ ಆಜ್ಞೆಯಂತೆ ಕಾವಲಿನಲ್ಲಿಟ್ಟಿದ್ದರು. ಅವನು ಗೋಗರೆದು, ತನ್ನ ಮೆಚ್ಚಿನ ಬಂದೂಕಿನ ನಳಿಗೆಯಲ್ಲಿ ಅರಕ್ ತುಂಬಿಸಿ ತರಿಸಿದ. ತುಕ್ಕು, ಮದ್ದಿನ ಕಿಟ್ಟ ಬೆರೆತ ಆ ಅರಕ್ ಕುಡಿದು ಮಲಗಿದವನು ಏಳಲಿಲ್ಲ. ಆ ಬಂದೂಕಿಗೆ ಅವನೇ 'ಜನಾಜಾ' ಎಂಬ ಮಾತು ಸೇರಿಸಿ ಹೆಸರಿಟ್ಟಿದ್ದ. ಇದನ್ನು ನಾವು ಕತೆಯಲ್ಲಿ ಬರೆದರೆ ಸಂಪಾದಕರು ಹಿಂದಕ್ಕೆ ಕಳಿಸುತ್ತಾರೆ.

ಇಷ್ಟೆಲ್ಲ ಕಂಡ ಜಹಾಂಗೀರ್ ಪಟ್ಟಕ್ಕೆ ಬಂದ ಕೂಡಲೇ ಹೊರಡಿಸಿದ ಹನ್ನೆರಡು ಆಜ್ಞೆಗಳಲ್ಲಿ ಒಂದು, ಮದ್ಯ ತಯಾರಿಕೆ ಮತ್ತು ಮಾರಾಟದ ನಿಷೇಧ. ತಾನು ಮಾತ್ರ ಕುಡಿಯುತ್ತೇನೆಂದು ಅಲ್ಲೇ ಬರೆದುಕೊಂಡ. 1616ರಲ್ಲಿ ಮಗ ಖುರ್ರಮನಿಗೆ ಇಪ್ಪತ್ನಾಲ್ಕು, ಒಂದು ಹನಿಯೂ ಮುಟ್ಟಿರಲಿಲ್ಲ. ತುಲಾಭಾರದ ದಿನ ಅಪ್ಪನೇ, ಹಬ್ಬ ಹರಿದಿನಗಳಲ್ಲಿ ಮಿತವಾಗಿ ಕುಡಿಯಬಹುದು ಎಂದು ಒತ್ತಾಯಿಸಿ ಬಟ್ಟಲು ಹಿಡಿಸಿದ. ಕೆಲ ವರ್ಷಗಳ ನಂತರ ದಖ್ಖನ್ ದಂಡಯಾತ್ರೆಗೆ ಹೊರಟ ಆ ಮಗ, ಮುಂದೆ ಶಹಜಹಾನ್ ಎನಿಸಿಕೊಂಡವನು, ಮುತ್ತಜ್ಜನ ತಂದೆಯನ್ನು ನೆನೆದು ಮದ್ಯವನ್ನು ಚಂಬಲ್ ನದಿಗೆ ಸುರಿಸಿದ. ಔರಂಗಜೇಬ ಮುಟ್ಟದವನು, ಈ ವಿಷಯದಲ್ಲಿ ಅವನಿಂದ ಕತೆ ಹುಟ್ಟುವುದಿಲ್ಲ. ನಮ್ಮ ನಾಡಿನಲ್ಲಿ ಟಿಪ್ಪು ಖಜಾನೆಯ ಆದಾಯ ಹೋದರೂ ಸರಿ ಎಂದು ಮದ್ಯಕ್ಕೆ ನಿಷೇಧ ಹಾಕಿದ. ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿ ನಿಲ್ಲಿಸಿ ಮಿಕ್ಕದ್ದನ್ನು ಉಳಿಸಿಕೊಂಡಿತು. ಬಡವನ ಲೋಟವನ್ನು ಮಾತ್ರ ಕಸಿದರೆಂದು ಆಗ ಕೆಲವರು ಗೊಣಗಿದ್ದೂ ಉಂಟು.

ಇನ್ನು ಗಾಲಿಬ್. ಅವನದು ವಿಲಾಯತಿ ರುಚಿ: ಫ್ರೆಂಚ್ ಮದ್ಯ ಮತ್ತು ಓಲ್ಡ್ ಟಾಮ್ ಎಂಬ ಸಿಹಿಯಾದ ಇಂಗ್ಲಿಷ್ ಜಿನ್. ಗುಲಾಬಿ ನೀರು ಬೆರೆಸಿ ಕುಡಿಯುತ್ತಿದ್ದ. ಶಿಷ್ಯ ಹಾಲಿ 1897ರಲ್ಲಿ ಪ್ರಕಟಿಸಿದ 'ಯಾದ್‌ಗಾರೆ ಗಾಲಿಬ್'ನಲ್ಲಿ ಒಂದು ವಿವರವಿದೆ. ಬಾಟಲಿಯ ಪೆಟ್ಟಿಗೆಯ ಬೀಗದ ಕೈ ಕವಿಯ ಬಳಿ ಇರುತ್ತಿರಲಿಲ್ಲ, ಆಳಿನ ಬಳಿ ಇರುತ್ತಿತ್ತು. ರಾತ್ರಿ ಅಮಲಿನಲ್ಲಿ ನಾನೆಷ್ಟೇ ಕೂಗಾಡಿದರೂ ಕೊಡಬೇಡ ಎಂದು ಗಾಲಿಬನೇ ಹೇಳಿಟ್ಟಿದ್ದ. ಅವನು ಕೂಗಾಡುತ್ತಿದ್ದ, ಆಳು ಕೊಡುತ್ತಿರಲಿಲ್ಲ.

1857ರಲ್ಲಿ ದಿಲ್ಲಿ ಬಿದ್ದ ಮೇಲೆ ಮುಸ್ಲಿಮರನ್ನು ನಗರದಿಂದ ಹೊರಗೆ ಹಾಕಿದರು. ಬಲ್ಲೀಮಾರಾನ್ ಗಲ್ಲಿಗೆ ಪಟಿಯಾಲಾ ಮಹಾರಾಜನ ಕಾವಲು ಇದ್ದುದರಿಂದ ಗಾಲಿಬ್ ಉಳಿದ. ಪಿಂಚಣಿ ಇಲ್ಲ, ವಿಲಾಯತಿ ಬಾಟಲಿಗೆ ಕಾಸಿಲ್ಲ. ಆಗ ಮಹೇಶ್ ದಾಸ್ ಎಂಬ ಗೆಳೆಯ ಕಬ್ಬಿನಿಂದ ಇಳಿಸಿದ ದೇಶಿ ಮದ್ಯ ಕಳಿಸಿಕೊಟ್ಟ. 'ದಸ್ತಂಬೂ'ವಿನಲ್ಲಿ ಗಾಲಿಬ್ ಅದನ್ನು ಕೃತಜ್ಞತೆಯಿಂದ ನೆನೆಯುತ್ತಾನೆ. ಓಲ್ಡ್ ಟಾಮ್‌ನ ಹಟ ಅಲ್ಲಿಗೆ ಮುಗಿದಿತ್ತು. ನೀನು ಮುಸಲ್ಮಾನನೇ ಎಂದು ಕರ್ನಲ್ ಬರ್ನ್ ಕೇಳಿದಾಗ, ಅರ್ಧ ಮಾತ್ರ, ಶರಾಬು ಕುಡಿಯುತ್ತೇನೆ, ಹಂದಿ ತಿನ್ನುವುದಿಲ್ಲ ಎಂದನಂತೆ. ಈ ನಗೆಹನಿಗೆ ನಾವೂ ಮುಶಾಯಿರಾಗಳಲ್ಲಿ ನಕ್ಕಿದ್ದೇವೆ. ಹೊರಗೆ ನೇಣುಗಂಬಗಳಿದ್ದವೆಂಬುದು ನಗುವಾಗ ನೆನಪಾಗುವುದಿಲ್ಲ.

ನಗಲು ಆಗದ ಸಾಲೂ ಹಾಲಿಯ ಪುಸ್ತಕದಲ್ಲಿದೆ. ಹೆಂಡತಿ ಉಮರಾವ್ ಬೇಗಂ ನಮಾಜು ರೋಜಾ ಬಿಡದವಳು. ತನ್ನ ಊಟದ ಪಾತ್ರೆ, ಲೋಟಗಳನ್ನು ಗಂಡನವುಗಳಿಂದ ಬೇರೆಯೇ ಇಟ್ಟಿದ್ದಳು. ಏಳು ಮಕ್ಕಳು ಹುಟ್ಟಿ ಒಂದೂ ಉಳಿಯದ ಮನೆಯಲ್ಲಿ ಎರಡು ಸಾಲು ಪಾತ್ರೆಗಳು. ಉಸ್ತಾದರು ನಮಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಗಾಲಿಬ್ ನಮಗೆ ಇನ್ನೂ ಬೇಗ ಅರ್ಥವಾಗುತ್ತಿದ್ದ. ಏಕೆಂದರೆ ನಮ್ಮ ಮನೆಯ ಅಡುಗೆಕೋಣೆಯ ಗೂಡಿನಲ್ಲೂ ದೊಡ್ಡಪ್ಪನ ಒಂದು ಸ್ಟೀಲ್ ಲೋಟ ಬೇರೆ ಇರುತ್ತಿತ್ತು. ಅದರಲ್ಲಿ ಮಕ್ಕಳು ನೀರು ಕುಡಿಯಬಾರದೆಂದಷ್ಟೇ ಹೇಳುತ್ತಿದ್ದರು, ಏಕೆಂದು ಹೇಳುತ್ತಿರಲಿಲ್ಲ. ಬೆಳಗಿನ ಚಹಾ ಹಿಡಿಯುವಾಗ ಅವರ ಕೈ ನಡುಗುತ್ತಿತ್ತು, ದೊಡ್ಡಮ್ಮ ಲೋಟದ ತಳಕ್ಕೆ ತಮ್ಮ ಕೈ ಕೊಡುತ್ತಿದ್ದರು.